ಮತದಾರನ ಮೇಲೆ ಸಾಕ್ಷ್ಯದ ಭಾರ

ಈ ದೇಶದ ಪ್ರಜೆಯಲ್ಲದವನಿಗೆ ಈ ದೇಶದ ಚುನಾವಣೆಯಲ್ಲಿ ಮತವಿಲ್ಲವೆಂಬ ನಿಯಮವು ಸಂವಿಧಾನದ 326ನೆಯ ಅನುಚ್ಛೇದದಲ್ಲಿಯೇ ಅಡಕವಾಗಿರುವುದರಿಂದ, ಅದರ ಔಚಿತ್ಯವನ್ನು ಕುರಿತು ಚರ್ಚಿಸುವುದು ಕಾಲಹರಣವೇ ಸರಿ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 16ನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಸುಳ್ಳು ಘೋಷಣೆ ಮಾಡಿದವನಿಗೆ ಒಂದು ವರ್ಷದವರೆಗಿನ ಸೆರೆವಾಸವನ್ನು 31ನೆಯ ಪ್ರಕರಣವು ವಿಧಿಸಿದೆ. ವಿವಾದವಿರುವುದು ಬೇರೆಡೆಯಲ್ಲಿ. ತಲೆತಲಾಂತರದಿಂದ ಒಂದೇ ಕಣಿವೆಯಲ್ಲಿ ಬಾಳಿಬಂದವನು ತಾನು ಈ ನೆಲದವನೆಂಬುದನ್ನು ತಾನೇ ಕಾಗದ ತಂದು ಸಿದ್ಧಪಡಿಸಬೇಕೋ, ಅಥವಾ ಅವನನ್ನು ಶಂಕಿಸುವ ಸರ್ಕಾರವೇ ತನ್ನ ಶಂಕೆಗೆ ಆಧಾರವನ್ನು ಮುಂದಿಡಬೇಕೋ ಎಂಬಲ್ಲಿ ಅದು ಇದೆ. ಇಷ್ಟು ಕಾಲವೂ ಆರನೆಯ ನಮೂನೆಯ ಅರ್ಜಿಯಲ್ಲಿ ತಾನು ಭಾರತದ ಪ್ರಜೆಯೆಂದು ಘೋಷಿಸಿ ರುಜು ಹಾಕಿದರೆ ಸಾಕಾಗಿತ್ತು. ವಯಸ್ಸಿಗೆ ಆಧಾರ ಕೇಳುತ್ತಿದ್ದರು, ವಾಸಕ್ಕೆ ಕೇಳುತ್ತಿದ್ದರು, ಪೌರತ್ವಕ್ಕೆ ಕೇಳುತ್ತಿರಲಿಲ್ಲ.

2025ರ ಜೂನ್ 24ರಂದು ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಚುನಾವಣಾ ಆಯೋಗವು ಆಜ್ಞೆಯಿತ್ತಾಗ ಈ ಕ್ರಮವು ಪಲ್ಲಟವಾಯಿತು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ಹನ್ನೊಂದು ದಾಖಲೆಗಳಲ್ಲಿ ಒಂದನ್ನಾದರೂ ಹಾಜರುಪಡಿಸಬೇಕೆಂದಾಯಿತು. 1987ರ ಜುಲೈ 1ರ ತರುವಾಯ ಹುಟ್ಟಿದವರಾದರೆ ತಂದೆ ತಾಯಿಗಳಲ್ಲಿ ಒಬ್ಬರದನ್ನೂ, 2004ರ ಡಿಸೆಂಬರಿನ ಈಚೆಗೆ ಹುಟ್ಟಿದವರಾದರೆ ಇಬ್ಬರದನ್ನೂ ಕೂಡಿಸಬೇಕೆಂದಾಯಿತು. ಆಧಾರ್, ರೇಷನ್ ಕಾರ್ಡು, ಕೊನೆಗೆ ಆಯೋಗವು ತನ್ನ ಕೈಯಾರೆ ಕೊಟ್ಟ ಮತದಾರರ ಗುರುತಿನ ಚೀಟಿ ಸಹ ಆ ಹನ್ನೊಂದರಲ್ಲಿ ಇರಲಿಲ್ಲ. ಆಧಾರನ್ನು ಗುರುತಿನ ಮಟ್ಟಿಗೆ ಹನ್ನೆರಡನೆಯ ದಾಖಲೆಯಾಗಿ ಸ್ವೀಕರಿಸತಕ್ಕದ್ದೆಂದು ಸೆಪ್ಟೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಕರಡು ಪಟ್ಟಿಯಿಂದ ಬಿಟ್ಟುಹೋದ 65 ಲಕ್ಷ ಹೆಸರುಗಳು ಸತ್ತವರದು, ಊರು ಬಿಟ್ಟವರದು, ಎರಡೆರಡು ಕಡೆ ನಮೂದಾದವರದು ಎಂದು ಆಯೋಗವು ಸಮಾಧಾನ ಹೇಳಿತಾದರೂ, ಆ ಹೆಸರುಗಳನ್ನು ಕಾರಣಸಹಿತವಾಗಿ ಪ್ರಕಟಿಸುವುದಕ್ಕೂ ಅದೇ ನ್ಯಾಯಾಲಯದ ಆದೇಶ ಬೇಕಾಯಿತು. ಅಕ್ಟೋಬರಿನಲ್ಲಿ ಸಾರಿದ ಎರಡನೆಯ ಹಂತದ ಹನ್ನೆರಡು ಪ್ರದೇಶಗಳಲ್ಲಿ ಗೋವೆಯೂ ಕೇರಳವೂ ಸೇರಿದ್ದರಿಂದ, ನಮ್ಮ ಗಡಿಗೆ ತಾಗಿದ ಊರುಗಳೂ ಕಾಸರಗೋಡಿನ ಕನ್ನಡಿಗರ ಮನೆಗಳೂ ಈ ಪರಿಷ್ಕರಣೆಯ ಅನುಭವಕ್ಕೆ ಒಳಗಾದವು. ಅಲ್ಲಿ ಮೊದಲಿಗೆ ಕಾಗದ ಕೇಳದೆ, ಇಪ್ಪತ್ತು ವರ್ಷಗಳ ಹಿಂದಿನ ಪಟ್ಟಿಯಲ್ಲಿ ಮತದಾರನದೋ ಅವನ ಹಿರಿಯರದೋ ಹೆಸರು ಉಂಟೇ ಎಂದು ನೋಡಿದರೆಂಬುದು ಬಿಹಾರದಿಂದ ಕಲಿತ ಪಾಠವೇ ಇರಬೇಕು. ಕರ್ನಾಟಕವು ಆ ಹನ್ನೆರಡರಲ್ಲಿ ಇರಲಿಲ್ಲ. ಆದರೆ ಈ ಕ್ರಮವು ದೇಶಕ್ಕೆಲ್ಲ ಅನ್ವಯಿಸತಕ್ಕದ್ದೆಂದು ಆಯೋಗವು ಮೊದಲ ಆಜ್ಞೆಯಲ್ಲಿಯೇ ತಿಳಿಸಿರುವುದರಿಂದ, ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರು ಇದನ್ನು ಪರರ ಸಂಗತಿಯೆಂದು ಎಣಿಸುವ ಹಾಗಿಲ್ಲ.

ಆ ಹನ್ನೊಂದರ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಸೀಮೆಯ ಮನ್ಮನೆ ಎಂಬ ಊರಿನ ಸುತ್ತಿನ ಕೇರಿಗಳಲ್ಲಿ ಒಂದು ಸುತ್ತು ಹಾಕುವವನಿಗೆ ಮೊದಲು ಹೊಳೆಯುವ ಮಾತೆಂದರೆ, ಅವುಗಳಲ್ಲಿ ಪಾಸ್‌ಪೋರ್ಟ್ ಒಂದನ್ನು ಬಿಟ್ಟರೆ ಮಿಕ್ಕ ಬಹುಪಾಲು ದಾಖಲೆಗಳು ಪೌರತ್ವದ ವಿಷಯವಾಗಿ ಏನನ್ನೂ ನುಡಿಯುವುದಿಲ್ಲವೆಂಬುದು. ಹತ್ತನೆಯ ತರಗತಿಯ ಪ್ರಮಾಣಪತ್ರವು ಓದಿದ್ದನ್ನು ಹೇಳುತ್ತದೆ. ಜಾತಿಯ ಪ್ರಮಾಣಪತ್ರವು ಜಾತಿಯನ್ನು ಹೇಳುತ್ತದೆ. ಪಾಸ್‌ಪೋರ್ಟು ಇರುವುದು ಮಕ್ಕಳನ್ನು ಅಮೆರಿಕೆಗೆ ಕಳುಹಿಸಿ, ಬಾಣಂತನಕ್ಕೆಂದು ತಾವೂ ಒಮ್ಮೆ ಹೋಗಿಬಂದ ದಂಪತಿಗಳ ಕಪಾಟಿನಲ್ಲಿ. ಜನನ ಪ್ರಮಾಣಪತ್ರದ ಮಾತೆತ್ತಿದರೆ, ಜನನ ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಒಂದು ಕಾಯಿದೆಯಾದದ್ದೇ 1969ರಲ್ಲಿ. ಅದಕ್ಕಿಂತ ಹಿಂದೆ, ಈ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಮಳೆಗಾಲದ ನಡುರಾತ್ರಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಮಗುವಿನ ಸಮಾಚಾರವು ಮಾಮಲೇದಾರ ಕಚೇರಿಯ ದಫ್ತರದವರೆಗೆ ನಡೆದುಹೋಗುವುದು ಎಲ್ಲ ಮನೆಗಳಿಗೂ ಸಾಧ್ಯವಾದ ಸಂಗತಿಯಾಗಿರಲಿಲ್ಲ.

ಆ ಪಟ್ಟಿಯಲ್ಲಿ ಇನ್ನೊಂದು ದಾಖಲೆಯುಂಟು, ಅರಣ್ಯ ಹಕ್ಕುಪತ್ರ. ಇದನ್ನು ಓದಿದಾಗ ಉತ್ತರ ಕನ್ನಡದವನಿಗೆ ನಗುವೂ ಬರುತ್ತದೆ, ನಗು ಬಾರದೆಯೂ ಇರುತ್ತದೆ. ಜಿಲ್ಲೆಯ ಬಹುಭಾಗ ಕಾಡು. ಆ ಕಾಡಿನಂಚಿನಲ್ಲಿ ಒಂದೆರಡು ಎಕರೆ ಹಸನುಮಾಡಿಕೊಂಡು ಕುಳಿತವರಿಗೆ ಸರ್ಕಾರದ ಭಾಷೆಯಲ್ಲಿ ಅತಿಕ್ರಮಣದಾರರೆಂದು ಹೆಸರು. 2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ ಇವರಲ್ಲಿ ಹತ್ತಾರು ಸಾವಿರ ಮಂದಿ ಅರ್ಜಿ ಹಾಕಿದರು. ಬುಡಕಟ್ಟಿನವರಲ್ಲದ ಪಾರಂಪರಿಕ ವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿಯೇ ಇದ್ದುದನ್ನು ತೋರಿಸಬೇಕೆಂಬುದು ಆ ಕಾಯಿದೆಯ ನಿಬಂಧನೆ. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ಮುಟ್ಟುತ್ತದೆ. ಆ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಗಳ ರೈತರು ಪರಸರ್ಕಾರಕ್ಕೆ ಕಂದಾಯ ಕೊಡಲೊಲ್ಲೆವೆಂದು ಹಟ ಹಿಡಿದು ಜಮೀನು, ದನ, ಪಾತ್ರೆಪಡಗಗಳನ್ನು ಜಪ್ತಿಗೆ ಒಪ್ಪಿಸಿದ್ದರು. ಜಪ್ತಿಯ ಭೂಮಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತಿದ್ದರು. ಕಂದಾಯ ಕೊಡದಿರುವುದನ್ನೇ ವ್ರತವಾಗಿ ಕೈಕೊಂಡಿದ್ದ ಕಾಲದ ಕಂದಾಯ ರಸೀದಿಯನ್ನು ಈಗ ತರಬೇಕೆಂದರೆ ಯಾರ ಬಳಿ ಹೋಗಬೇಕು?

ಆದರೆ ಆ ಕಾಯಿದೆಯನ್ನು ಬರೆದವರು ಅವಿವೇಕಿಗಳಾಗಿರಲಿಲ್ಲ. ಅದರ ನಿಯಮಾವಳಿಯ 13ನೆಯ ನಿಯಮವನ್ನು ಓದಿದವರಿಗೆ ಅದು ಕಾಗದಕ್ಕೆ ಜೋತುಬಿದ್ದದ್ದಲ್ಲವೆಂದು ತಿಳಿಯುತ್ತದೆ: ಮನೆ, ಸಮಮಾಡಿದ ನೆಲ, ಕಟ್ಟಿದ ಒಡ್ಡು, ತೋಡಿದ ಬಾವಿ, ಹಿರಿಯರನ್ನು ಹೂಳಿದ ಜಾಗ, ದೇವರ ಬನ, ವಂಶಾವಳಿ, ಅರ್ಜಿದಾರನಲ್ಲದ ವೃದ್ಧರೊಬ್ಬರ ಬರೆದುಕೊಂಡ ಹೇಳಿಕೆ, ಇವೆಲ್ಲವೂ ಸಾಕ್ಷ್ಯಗಳೇ; ಇಂಥದೇ ದಾಖಲೆ ಬೇಕೆಂದು ಸಮಿತಿಗಳು ಹಟ ಮಾಡಕೂಡದೆಂದು 2012ರ ತಿದ್ದುಪಡಿಯು ಸ್ಪಷ್ಟವಾಗಿ ಹೇಳಿತು. ಹೀಗಿದ್ದರೂ ನಮ್ಮ ಜಿಲ್ಲೆಯಲ್ಲಿ ಅರ್ಜಿಗಳ ಬಹುದೊಡ್ಡ ಪಾಲು ತಿರಸ್ಕೃತವಾದದ್ದು 75 ವರ್ಷದ ದಾಖಲೆಯಿಲ್ಲವೆಂಬ ಒಂದೇ ಷರಾದಿಂದ. ನಿಯಮವು ಬಾಯಿಮಾತನ್ನು ಒಪ್ಪಿದರೂ ಕಚೇರಿಯು ಒಪ್ಪಲಿಲ್ಲ. ಇದರಲ್ಲಿ ಇನ್ನೊಂದು ವಿಡಂಬನೆಯೂ ಅಡಗಿದೆ. ಅರಣ್ಯ ಹಕ್ಕು ಬೇಡುವವನು ತೋರಿಸಬಹುದಾದ ದಾಖಲೆಗಳಲ್ಲಿ ಮತದಾರರ ಗುರುತಿನ ಚೀಟಿಯೂ ಒಂದು; ಬಿಹಾರದ ಕ್ರಮವನ್ನು ಇಲ್ಲಿಗೆ ತಂದರೆ, ಮತದಾರನಾಗಿ ಉಳಿಯುವುದಕ್ಕೆ ಅವನು ತೋರಿಸಬೇಕಾದದ್ದು ಅರಣ್ಯ ಹಕ್ಕುಪತ್ರ. ಒಂದು ಕಚೇರಿಯ ಬಾಗಿಲಿನ ಬೀಗದ ಕೈ ಇನ್ನೊಂದು ಕಚೇರಿಯ ಒಳಗೆ, ಅದರದು ಇದರ ಒಳಗೆ.

ಕಾಗದವಿದ್ದವರದಾದರೂ ಸುಗಮವೆಂದು ತಿಳಿಯಲಾಗದು. ನಮ್ಮಲ್ಲಿ ಅರುವತ್ತು ದಾಟಿದವರ ಜನ್ಮದಿನಗಳನ್ನು ಒಟ್ಟುಗೂಡಿಸಿದರೆ ಈ ಸೀಮೆಯಲ್ಲಿ ಮಕ್ಕಳೆಲ್ಲ ಜೂನ್ 1ರಂದೇ ಹುಟ್ಟುತ್ತಿದ್ದರೇನೋ ಎಂದು ಹೊರಗಿನವನಿಗೆ ಭ್ರಮೆಯಾದೀತು; ಶಾಲೆಗೆ ಸೇರಿಸುವ ದಿನ ಮಾಸ್ತರರು ಆರು ವರ್ಷ ಹಿಂದೆ ಎಣಿಸಿ ಬರೆದ ತಿಥಿ ಅದು. ಒಂದೇ ಮನೆಯಲ್ಲಿ ತಂದೆ ಭಟ್ಟರು, ದೊಡ್ಡ ಮಗ ಹೆಗಡೆ. ಇನ್ನೊಂದು ಮನೆಯಲ್ಲಿ ಒಬ್ಬ ನಾಯ್ಕ, ಒಡಹುಟ್ಟಿದವನು ನಾಯಕ. ಹೆಂಗಸರ ಪಾಡು ಇನ್ನೂ ಕಷ್ಟದ್ದು. ತವರಿನ ಶಾಲೆಯ ಹಾಜರಿಯಲ್ಲಿ ಸರಸ್ವತಿಯಾಗಿದ್ದವಳಿಗೆ ಮದುವೆಯಲ್ಲಿ ಅಕ್ಕಿಯ ಮೇಲೆ ಗಂಡನು ಬರೆದ ಹೆಸರು ಬೇರೆ; ಪಹಣಿಯಲ್ಲಿ ಅವಳು ಇಂಥವನ ಕೋಂ, ಎಂದರೆ ಹೆಂಡತಿ; ರೇಷನ್ ಕಾರ್ಡಿನಲ್ಲಿ ಕಂಪ್ಯೂಟರಿನವನು ಕಿವಿಗೆ ಬಿದ್ದಂತೆ ಒತ್ತಿದ ಮೂರನೆಯದೊಂದು ಹೆಸರು. ಈ ಮೂವರೂ ಒಬ್ಬಳೇ ಎಂಬುದನ್ನು ಕೇರಿಯವರೆಲ್ಲ ಬಲ್ಲರು, ಕಾಗದಗಳು ಮಾತ್ರ ಬಲ್ಲವಲ್ಲ. ಇನ್ನು ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ, ಕಾಳಿಗೆ ಸೂಪಾದಲ್ಲಿಯೂ ಕೊಡಸಳ್ಳಿಯಲ್ಲಿಯೂ ಕಟ್ಟಿದಾಗ, ಗಂಟುಮೂಟೆ ಕಟ್ಟಿ ಹೊರಟ ಮುಳುಗಡೆಯವರನ್ನು ಹುಟ್ಟಿದೂರಿನ ದಾಖಲೆ ತನ್ನಿರೆಂದು ಕೇಳುವ ಅಧಿಕಾರಿಯು, ನಾಡಿಗೆ ದೀಪ ಹಚ್ಚುವುದಕ್ಕಾಗಿ ಆ ಊರನ್ನೇ ನೀರಿಗೆ ಕೊಟ್ಟವರು ಇವರೆಂಬುದನ್ನು ಕ್ಷಣಕಾಲ ನೆನೆಯಬೇಕಾಗುತ್ತದೆ.

ಯಲ್ಲಾಪುರದ ಕಾಡುಗಳಲ್ಲಿರುವ ಸಿದ್ದಿಗಳನ್ನು ಇಲ್ಲಿ ಮರೆಯಲಾಗದು. ಶತಮಾನಗಳ ಹಿಂದೆ ಆಫ್ರಿಕದಿಂದ ಈ ಕರಾವಳಿಗೆ ಬಂದವರ ಸಂತತಿಯಾದ ಇವರು ಕನ್ನಡವನ್ನೂ ಕೊಂಕಣಿಯನ್ನೂ ನಮ್ಮಷ್ಟೇ ಸಲೀಸಾಗಿ ಆಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಇವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ನಗರಕ್ಕೆ ಹೋದ ಸಿದ್ದಿ ಹುಡುಗನನ್ನು, ಅವನ ಕೂದಲನ್ನೂ ಮೈಬಣ್ಣವನ್ನೂ ನೋಡಿ, ಯಾವ ದೇಶದವನೆಂದು ಕೇಳುವವರಿಗೆ ಇಂದಿಗೂ ಕೊರತೆಯಿಲ್ಲ. ಶಂಕೆಯು ಕಾಯಿದೆಯ ಪುಸ್ತಕದಿಂದ ಹುಟ್ಟುವುದಕ್ಕಿಂತ ಕಣ್ಣಿನಿಂದ ಹುಟ್ಟುವುದೇ ಹೆಚ್ಚು; ಅಂಥ ಕಣ್ಣಿನ ಕೈಗೆ ಕಾಗದ ಕೇಳುವ ಅಧಿಕಾರವೂ ಸಿಕ್ಕರೆ ಮೊದಲ ಪ್ರಶ್ನೆ ಯಾರಿಗೆ ಬೀಳುವುದೆಂದು ಊಹಿಸುವುದಕ್ಕೆ ಪಾಂಡಿತ್ಯ ಬೇಡ.

ಪೌರತ್ವದ ಪ್ರಶ್ನೆಯು ನಮ್ಮ ಮಗ್ಗುಲಲ್ಲಿಯೇ ನಿಜವಾಗಿ ಉದ್ಭವಿಸಿ, ನ್ಯಾಯಾಲಯದವರೆಗೆ ಹೋಗಿ ಬಂದ ಪ್ರಕರಣವೊಂದಿದೆ. ಅದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಯಲ್ಲಾಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಮುಂಡಗೋಡಿನಲ್ಲಿ, ಚೀನೀಯರಿಂದ ದೇಶಭ್ರಷ್ಟರಾದ ಟಿಬೆಟನ್ನರಿಗಾಗಿ 1966ರಲ್ಲಿ ವಸಾಹತು ಏರ್ಪಟ್ಟಿತು. ಕಾಡು ಕಡಿದು ಗೋವಿನಜೋಳ ಬೆಳೆದ ಅವರ ಕ್ಯಾಂಪುಗಳೂ, ಗಾದೆನ್, ದ್ರೆಪುಂಗ್ ಎಂಬ ಪುರಾತನ ವಿಹಾರಗಳ ಹೆಸರಿನಲ್ಲಿ ಇಲ್ಲಿ ಮತ್ತೆ ತಲೆಯೆತ್ತಿದ ಮಠಗಳೂ ನಮಗೆ ಈಗ ಪರಿಚಿತವಾದ ನೋಟ. ಇಲ್ಲಿ ಹುಟ್ಟಿದ ಮಕ್ಕಳೂ ದೊಡ್ಡವರಾದ ಮೇಲೆ ವಿದೇಶೀಯರ ನೋಂದಣಿ ಪತ್ರವನ್ನು ಪಡೆದು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತ ಬಂದರು. ಆದರೆ 1955ರ ಪೌರತ್ವ ಕಾಯಿದೆಯು, 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರೆಲ್ಲ, ತಂದೆ ತಾಯಿಗಳು ಯಾವ ದೇಶದವರೇ ಇರಲಿ, ಜನ್ಮತಃ ಭಾರತದ ಪ್ರಜೆಗಳೆಂದು ನಿಸ್ಸಂದಿಗ್ಧವಾಗಿ ಹೇಳುತ್ತದೆ. ದ್ರೆಪುಂಗ್ ಮಠದಲ್ಲಿ ಅಧ್ಯಯನ ಮಾಡಿದ, 1985ರಲ್ಲಿ ಭಾರತದಲ್ಲಿ ಜನಿಸಿದ ಲಿಂಗ್ ರಿಂಪೋಚೆಯವರು ಇದನ್ನೇ ಮುಂದಿಟ್ಟು ಪಾಸ್‌ಪೋರ್ಟಿಗಾಗಿ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ತೀರ್ಪು ಅವರ ಪರವಾಯಿತು. ಮಾರನೆಯ ವರ್ಷದ ಫೆಬ್ರುವರಿಯಲ್ಲಿ ಚುನಾವಣಾ ಆಯೋಗವೂ, ಆ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳುವಂತೆ ನಿರ್ದೇಶಿಸಿತು.

ಇಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಈ ಜನರಲ್ಲಿ ಕಾಗದಕ್ಕೆ ಅಭಾವವಿರಲಿಲ್ಲ. ನಮ್ಮ ಕೇರಿಗಳವರಿಗಿಂತ ಅವರ ಹುಟ್ಟು, ವಾಸ, ಸಂಚಾರಗಳೆಲ್ಲ ಸರ್ಕಾರದ ಲೆಕ್ಕದಲ್ಲಿ ಹೆಚ್ಚು ನಿಖರವಾಗಿದ್ದವು. ಸರ್ಕಾರವೇ ಕೊಟ್ಟ ಕಾಗದವು ಅವರನ್ನು ವಿದೇಶೀಯರೆಂದಿತು. ಸರ್ಕಾರವೇ ಮಾಡಿದ ಕಾಯಿದೆಯು ಅವರನ್ನು ಪ್ರಜೆಗಳೆಂದಿತು. ಕಚೇರಿಯು ವರ್ಷಾನುಗಟ್ಟಲೆ ಕಾಯಿದೆಯನ್ನು ಬಿಟ್ಟು ಕಾಗದವನ್ನೇ ನಂಬಿತು. ಕಾಯಿದೆಯ ಗೆರೆಯೂ ಹೃದಯವನ್ನು ನೋಡುವುದಿಲ್ಲ. ಟಿಬೆಟ್ಟಿನಲ್ಲಿ ಹುಟ್ಟಿ ಇಲ್ಲಿಗೆ ಬಂದ ದಂಪತಿಗಳಿಗೆ ಮುಂಡಗೋಡಿನ ಒಂದೇ ಮನೆಯಲ್ಲಿ 1985ರಲ್ಲಿ ಹುಟ್ಟಿದ ಹಿರಿಯ ಮಗನು ಪ್ರಜೆ, 1988ರಲ್ಲಿ ಹುಟ್ಟಿದ ಕಿರಿಯವನು ಪರದೇಶಿ. ಅಣ್ಣನಿಗೆ ಮತವುಂಟು, ತಮ್ಮನಿಗಿಲ್ಲ. 2017ರಲ್ಲಿ ಪಾಸ್‌ಪೋರ್ಟು ಕೊಡಲು ಒಪ್ಪಿದ ವಿದೇಶಾಂಗ ಇಲಾಖೆಯು, ನೋಂದಣಿ ಪತ್ರವನ್ನು ಹಿಂತಿರುಗಿಸಬೇಕು, ವಸಾಹತಿನಲ್ಲಿ ಇರಕೂಡದು, ನಿರಾಶ್ರಿತರ ಸೌಲಭ್ಯಗಳನ್ನು ಬಿಡಬೇಕು ಎಂದು ಷರತ್ತು ಹಾಕಿದಾಗ, ಅನೇಕರು ಹಿಂಜರಿದರು. ಭಾರತದ ಪ್ರಜೆಯಾಗುವುದರಿಂದ ತಮ್ಮ ನಾಡಿನ ಸ್ವಾತಂತ್ರ್ಯದ ಹಂಬಲವು ಸಡಿಲಗೊಂಡೀತೆಂದು ಮತದಾರರ ಪಟ್ಟಿಗೇ ಸೇರದೆ ಉಳಿದವರೂ ಇದ್ದಾರೆ. ಅವರ ನಿರ್ಧಾರವನ್ನು ಗೌರವಿಸಬೇಕು. ಅಂತೂ ಹೊರನಾಡಿನಿಂದ ಬಂದವರೆಂದು ಎಲ್ಲರಿಗೂ ಗೊತ್ತಿರುವ ಜನರ ವಿಷಯದಲ್ಲಿಯೇ ನ್ಯಾಯವು ಇಷ್ಟು ವಿಚಾರಶೀಲವಾಗಿ ನಡೆದಿರುವಾಗ, ಹೊರಗಿನವರೆಂದು ಯಾರೂ ಎಂದೂ ಭಾವಿಸದಿದ್ದ ನಮ್ಮ ಜಿಲ್ಲೆಯ ಗೌಳಿ, ಕುಣಬಿ ಸಮುದಾಯಗಳವರನ್ನು ಏಕಾಏಕಿ ಸಾಕ್ಷಿಕಟ್ಟೆಗೆ ಹತ್ತಿಸುವುದು ಯಾವ ನೀತಿ?

ಸ್ವತಂತ್ರ ಭಾರತದ ಮೊದಲ ಪಟ್ಟಿಯನ್ನು ಸಿದ್ಧಪಡಿಸಿದವರು ಈ ಪ್ರಶ್ನೆಯನ್ನು ಎದುರಿಸದೆ ಇರಲಿಲ್ಲ. ದೇಶವು ಒಡೆದು ಕೋಟ್ಯಂತರ ಜನ ಗಡಿ ದಾಟುತ್ತಿದ್ದ, ಸಂವಿಧಾನವೇ ಇನ್ನೂ ಪೂರ್ತಿಯಾಗದಿದ್ದ 1948ರಲ್ಲಿ, ಆ ಕಾರ್ಯಕ್ಕೆ ಮಾರ್ಗದರ್ಶನ ಮಾಡಿದ ಸಂವಿಧಾನ ಸಲಹೆಗಾರರು ದಕ್ಷಿಣ ಕನ್ನಡದ ಬೆನಗಲ್ ಮನೆತನದ ಬಿ. ಎನ್. ರಾಯರು. ಕೈಯಲ್ಲಿ ಒಂದು ಚೂರು ಕಾಗದವೂ ಇಲ್ಲದೆ ಓಡಿಬಂದ ನಿರಾಶ್ರಿತನಿಂದ, ತಾನು ಇಲ್ಲಿಯೇ ಸ್ಥಿರವಾಗಿ ನೆಲೆಸುವೆನೆಂಬ ಘೋಷಣೆಯೊಂದನ್ನು ಪಡೆದು ಹೆಸರು ಬರೆದುಕೊಂಡರೆಂಬುದು, ಭಯದ ಕಾಲದಲ್ಲಿಯೂ ಆ ತಲೆಮಾರಿನ ಅಧಿಕಾರಿಗಳು ಎದೆಗುಂದಲಿಲ್ಲವೆಂಬುದಕ್ಕೆ ನಿದರ್ಶನ. ಅವರ ಕೆಲಸದಲ್ಲಿ ಊನವೇ ಇರಲಿಲ್ಲವೆಂದಲ್ಲ. ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವಳ ಮಗಳು ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಸ್ತ್ರೀಯರು ಮೊದಲ ಚುನಾವಣೆಯಲ್ಲಿ ಮತವನ್ನು ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ಕೋಂ ಎಂದು ಬರೆಸಿಕೊಂಡೇ ಆಯುಷ್ಯ ಕಳೆದ ನಮ್ಮ ಅಜ್ಜಿಯರ ಸಂಬಂಧಿಗಳೆನ್ನಲು ಅಡ್ಡಿಯಿಲ್ಲ.

ಬಾಯಿಮಾತಿನ ಸಾಕ್ಷ್ಯವನ್ನು ನಂಬಿ ದೊಡ್ಡ ಕಾರ್ಯವೊಂದನ್ನು ಸಾಧಿಸಿದ ನಿದರ್ಶನವು ನಮ್ಮ ನೆನಪಿನಲ್ಲಿಯೇ ಇದೆ. 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಗೇಣಿದಾರರು ಏಳನೆಯ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟರು. ಅವರಲ್ಲಿ ಅಸಂಖ್ಯರಿಗೆ ಗೇಣಿಚೀಟಿಯೇ ಇರಲಿಲ್ಲ. ವಕೀಲರಿಗೆ ಪ್ರವೇಶವಿಲ್ಲದ ಭೂನ್ಯಾಯಮಂಡಲಿಯು ನೆರೆಹೊರೆಯವರನ್ನು ಕರೆದು, ಗದ್ದೆಯನ್ನು ಊಳುವವರು ಯಾರೆಂದು ಕೇಳಿ, ತೀರ್ಮಾನ ಮಾಡಿತು. ಅದರಲ್ಲಿ ಸುಳ್ಳು ಸಾಕ್ಷಿಗಳೂ ನುಸುಳಿದವೆಂದು ಭೂಮಿ ಕಳೆದುಕೊಂಡವರು ಇಂದಿಗೂ ಹೇಳುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದ್ದೀತು. ಆದರೆ ಒಟ್ಟಿನಲ್ಲಿ ಊಳುವವನು ಒಡೆಯನಾದ. ಕಾಕತಾಳೀಯವೆಂದರೆ, ಮತದಾರರ ಪಟ್ಟಿಯಿಂದ ಒಬ್ಬನ ಹೆಸರನ್ನು ತೆಗೆಸಲು ಕೊಡುವ ಅರ್ಜಿಯೂ ಏಳನೆಯ ನಮೂನೆಯೇ. ಅದು ಹೇಗೆ ಬಳಕೆಯಾಗಬಹುದೆಂಬುದನ್ನು 2023ರ ಚುನಾವಣೆಯ ಮುಂಚೆ ಕಲಬುರಗಿಯ ಆಳಂದದಲ್ಲಿ ಕಂಡೆವು: ಹೆಸರು ತೆಗೆಯಬೇಕೆಂದು ಬಂದ 6,018 ಅರ್ಜಿಗಳನ್ನು ಪರಿಶೀಲಿಸಿದಾಗ ಸರಿಯಾಗಿದ್ದವು ಕೇವಲ 24. ಅಲ್ಲಿ ಒಬ್ಬ ವಿದೇಶೀಯನೂ ಸಿಕ್ಕಿಬೀಳಲಿಲ್ಲ; ಸಿಕ್ಕಿಬಿದ್ದದ್ದು ಅನ್ಯರ ಹೆಸರಿನಲ್ಲಿ ಅರ್ಜಿ ಹಾಕುವ ಕಪಟ.

ನುಸುಳುಕೋರರು ಪಟ್ಟಿಗೆ ಸೇರುತ್ತಿದ್ದರೆ ಸುಮ್ಮನಿರಬೇಕೇ ಎಂದು ಕೇಳುವವರಿದ್ದಾರೆ. ಸುಮ್ಮನಿರತಕ್ಕದ್ದಲ್ಲ. ಅಸ್ಸಾಮಿನಂಥ ಗಡಿನಾಡಿನಲ್ಲಿ ಆ ಭಯಕ್ಕೆ ಇತಿಹಾಸವಿದೆ. ಆದರೆ ಅಲ್ಲಿಯೂ 2019ರ ರಾಷ್ಟ್ರೀಯ ಪೌರರ ರಿಜಿಸ್ಟರಿನಿಂದ ಹೊರಗುಳಿದ 19 ಲಕ್ಷ ಜನರಲ್ಲಿ ಪೀಳಿಗೆಗಳಿಂದ ಇದ್ದವರೆಷ್ಟು, ಹೊಸಬರೆಷ್ಟು ಎಂಬ ಪ್ರಶ್ನೆ ಇತ್ಯರ್ಥವಾಗದೆಯೇ ಉಳಿದಿದೆ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನವು ಪೌರತ್ವದ ಕಾಗದವಿಲ್ಲದೆ ನೋಂದಣಿಯಿಲ್ಲವೆಂದು ಕಾಯಿದೆ ಮಾಡಿದಾಗ ತಡೆಯಲ್ಪಟ್ಟವರು ಸುಮಾರು 31,000; ಅದಕ್ಕೆ ಹಿಂದಿನ ಹತ್ತಾರು ವರ್ಷಗಳಲ್ಲಿ ಅಲ್ಲಿ ಪಟ್ಟಿಗೆ ಸೇರಿದ್ದ ಪ್ರಜೆಗಳಲ್ಲದವರೆಂದು ವಿಚಾರಣೆಯಲ್ಲಿ ಗೊತ್ತಾದವರು ಹೆಚ್ಚೆಂದರೆ 39. ಆ ಕಾಯಿದೆಯನ್ನು 2018ರಲ್ಲಿ ನ್ಯಾಯಾಲಯವು ರದ್ದುಮಾಡಿತು. ನಮ್ಮ ಸರ್ವೋಚ್ಚ ನ್ಯಾಯಾಲಯವಂತೂ 1995ರಷ್ಟು ಹಿಂದೆಯೇ, ಲಾಲ್ ಬಾಬು ಹುಸೇನರ ಮೊಕದ್ದಮೆಯಲ್ಲಿ, ಒಮ್ಮೆ ಪಟ್ಟಿಯಲ್ಲಿ ಹೆಸರಿರುವವನನ್ನು ಬರಿಯ ಶಂಕೆಯಿಂದ ತೆಗೆಯಲಾಗದು, ಹಿಂದಿನ ನೋಂದಣಿಗೆ ತಕ್ಕ ಮನ್ನಣೆ ಸಲ್ಲಬೇಕು ಎಂದು ಹೇಳಿಬಿಟ್ಟಿದೆ.

ಕರ್ನಾಟಕದ ಪರಿಷ್ಕರಣೆಯಲ್ಲಿ ನಾವು ಕೇಳತಕ್ಕದ್ದು ಕರುಣೆಯನ್ನಲ್ಲ. ಅರಣ್ಯ ಹಕ್ಕಿನ 13ನೆಯ ನಿಯಮವು ಯಾವುದನ್ನು ಸಾಕ್ಷ್ಯವೆಂದು ಈಗಾಗಲೇ ಒಪ್ಪಿದೆಯೋ ಅದನ್ನೇ ಮತದಾರರ ಪಟ್ಟಿಯಲ್ಲಿಯೂ ಒಪ್ಪಬೇಕು. ವಾರ್ಡಿನ ಪಟ್ಟಿಯನ್ನು, ತೆಗೆಯಲುದ್ದೇಶಿಸಿದ ಹೆಸರುಗಳ ಸಮೇತ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಆಕ್ಷೇಪಿಸುವವನು ಎದುರಿಗೆ ನಿಂತು ಆಕ್ಷೇಪಿಸಬೇಕು. ಅಲ್ಲಿ ಇಬ್ಬರು ಹಿರಿಯರು ಹೇಳಿದ್ದನ್ನು ಬರೆದುಕೊಂಡು ಸಹಿ ಮಾಡಿಸಿ ಕಡತಕ್ಕೆ ಸೇರಿಸಬೇಕು. ಇನ್ನು ಕಾಲದ ಮಾತು. ಬಿಹಾರದಲ್ಲಿ ಮನೆಮನೆಯ ಎಣಿಕೆಗೆ ಕೊಟ್ಟದ್ದು ಜೂನ್ ಜುಲೈಗಳ ನಡುವಣ ಒಂದು ತಿಂಗಳು. ಆ ತಿಂಗಳಿನಲ್ಲಿ ನಮ್ಮ ಹಳ್ಳಗಳ ಕಾಲುಸಂಕಗಳು ಕೊಚ್ಚಿಹೋಗಿರುತ್ತವೆ, ಕರೆಂಟು ವಾರಗಟ್ಟಲೆ ಇರುವುದಿಲ್ಲ, ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು, ಮತಗಟ್ಟೆ ಮಟ್ಟದ ಅಧಿಕಾರಿಯ (ಬಿ.ಎಲ್.ಓ.) ಕೆಲಸವನ್ನೂ ಹೊತ್ತ ಅಂಗನವಾಡಿ ಕಾರ್ಯಕರ್ತೆಯು ಒಂಟಿಮನೆಗಳಿಗೆ ತಲುಪುವ ಬಗೆಯೇ ಇಲ್ಲ. ಕಾರ್ತಿಕದಿಂದ ಪುಷ್ಯದವರೆಗೆ ಕೊನೆಕೊಯ್ಲು, ಅಡಿಕೆ ಸುಲಿತ. ಆಗ ಮನೆಯಲ್ಲಿ ಜನ ಇದ್ದರೂ ಕೈ ಬಿಡುವಿರುವುದಿಲ್ಲ. ಮಾಘದಿಂದ ವೈಶಾಖದೊಳಗೆ ಈ ಕಾರ್ಯವು ನಡೆಯತಕ್ಕದ್ದೆಂದು ನಮ್ಮ ಮೂರು ತಾಲೂಕುಗಳ ಗ್ರಾಮಪಂಚಾಯಿತಿಗಳು ಠರಾವು ಮಾಡಿ, ಬೆಂಗಳೂರಿನಲ್ಲಿರುವ ಮುಖ್ಯ ಚುನಾವಣಾಧಿಕಾರಿಗಳಿಗೆ ಕಳುಹಿಸಿಕೊಡುವುದಕ್ಕೆ ಯಾವ ದಾಖಲೆಯೂ ಬೇಕಾಗಿಲ್ಲ.